ಖಾಲಿ ಫ್ಲ್ಯಾಟಿನ ಧೂಳು

ಗಲ್ಫಿಗೆ ಏಸಿ ಕೆಲಸಕ್ಕೆ ಹೊರಟ ಹುಡುಗರು ನನ್ನ ಹತ್ತಿರ ಬಂದು ಕೇಳುವುದು ಎರಡೇ ಪ್ರಶ್ನೆ: ಯಾವ ಕೋರ್ಸು ಮಾಡಬೇಕು, ಯಾವ ಕಂಪನಿ ಒಳ್ಳೆಯದು. ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ನಾನು ಕೋರ್ಸು ಮಾಡಿದವನಲ್ಲ. ಕಾರ್ಕಳದ ಐಸ್‌ಕ್ಯಾಂಡಿ ಫ್ಯಾಕ್ಟರಿಯೊಂದರಲ್ಲಿ ಹಳೇ ಕಂಪ್ರೆಸರಿನ ಜೊತೆ ಮೂರು ವರ್ಷ ಗುದ್ದಾಡಿ, ಆ ವಿದ್ಯೆಯನ್ನೇ ನಂಬಿ ವಿಮಾನ ಹತ್ತಿದವನು. ಒಳ್ಳೆಯ ಕಂಪನಿ ಯಾವುದು ಎಂದು ಯೋಚಿಸುವಷ್ಟು ಪುರುಸೊತ್ತನ್ನು ಯಾವ ಕಂಪನಿಯೂ ನನಗೆ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಕುವೈತಿನ ಹವಲ್ಲಿಯಲ್ಲಿ ಹಳೆಯ ಕಟ್ಟಡಗಳ ಏಸಿ ನೋಡಿಕೊಂಡೆ. ಹೆಲ್ಪರ್ ಆಗಿ ಸೇರಿದವನು ಫೋರ್‌ಮನ್ ಆಗಿ ನಿವೃತ್ತನಾದೆ. ಆ ಬಡ್ತಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ತಲೆಯ ಮೇಲಿನ ಹೆಲ್ಮೆಟ್ಟಿನ ಬಣ್ಣ ಬದಲಾಯಿತು ಅಷ್ಟೇ. ಹೇಳಬೇಕಾದ್ದು ಬೇರೆ ಇದೆ. ಅದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ, ನಾನೂ ತೀರಾ ತಡವಾಗಿ ಕಲಿತೆ.

ನಾನು ಹೋದಾಗ ಯುದ್ಧ ಮುಗಿದಿತ್ತು. ಎಣ್ಣೆ ಬಾವಿಗಳ ಬೆಂಕಿ ಆರಿತ್ತು, ಆದರೆ ಅದರ ಮಸಿ ಇನ್ನೂ ಕಟ್ಟಡಗಳ ಕರುಳಿನೊಳಗೆಲ್ಲ ಕೂತಿತ್ತು. ನಾನು ಬಿಚ್ಚಿದ ಮೊದಲ ಫಿಲ್ಟರ್ ಎಷ್ಟು ಕಪ್ಪಾಗಿತ್ತೆಂದರೆ, ಸಂಜೆ ಊಟ ಮಾಡುವಾಗ ಅನ್ನದ ಮೇಲೂ ನನ್ನ ಬೆರಳಿನ ಗುರುತು ಬಿತ್ತು. ನನಗೆ ಕೆಲಸ ಕಲಿಸಿದವರು ಉಳ್ಳಾಲದ ಹಮೀದಾಕ. ಐವತ್ತು ದಾಟಿದ ಮನುಷ್ಯ. ಕಟ್ಟಡದ ಟೆರೇಸಿನಲ್ಲಿ ನಿಂತು ಒಂದೊಂದು ಮನೆಯ ಫಿಲ್ಟರನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದರು, ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ.

ಇಡೀ ಕಟ್ಟಡಕ್ಕೆ ಟೆರೇಸಿನಲ್ಲಿ ಒಂದೇ ಏಸಿ ಯಂತ್ರ. ಪ್ರತಿ ಮನೆಯ ಗಾಳಿ ತಣ್ಣಗಾಗಲು ಅದಕ್ಕೆ ವಾಪಸು ಹೋಗುವ ದಾರಿಯಲ್ಲಿ ಈ ಫಿಲ್ಟರ್ ಇರುತ್ತದೆ. ಮನೆಯೊಳಗೆ ಏನೆಲ್ಲ ಹಾರಾಡುತ್ತದೋ ಅದೆಲ್ಲ ಅದರ ಮೇಲೆ ಬಂದು ಕೂರುತ್ತದೆ. ಉದ್ದ ಕೂದಲು ಇದ್ದರೆ ಹೆಂಗಸು. ಬಿಳಿ ಪೌಡರ್ ಇದ್ದರೆ ಮಗು. ಹಳದಿ ಜಿಡ್ಡು ಇದ್ದರೆ ದಿನವೂ ಮೀನು ಹುರಿಯುವ ಮನೆ. ಊದುಬತ್ತಿಯ ಬೂದಿ ಬೇರೆ, ಅರಬರು ಹಾಕುವ ಬಖೂರ್ ಧೂಪದ ಹೊಗೆ ಬೇರೆ. ಒಂದು ವರ್ಷದಲ್ಲಿ ನಾನೂ ಈ ಓದಿನಲ್ಲಿ ಪಳಗಿದೆ. ಮನೆಯೊಳಗೆ ಕಾಲಿಡದೆ, ಆ ಮನೆಯವರ ಮುಖ ನೋಡದೆ, ಅಲ್ಲಿ ಎಷ್ಟು ಜನ ಇದ್ದಾರೆ, ಯಾರಿಗೆ ಕೆಮ್ಮು, ಯಾರು ಊರಿಗೆ ಹೋಗಿದ್ದಾರೆ ಎಂದು ಹೇಳಬಲ್ಲವನಾದೆ. ಇದರಿಂದ ಜಂಬ ಬಂತು. ಜಂಬ ಬಂದ ಮೇಲೆ ಎಡವಟ್ಟು ಆಗಲೇಬೇಕಲ್ಲ.

ಒಂದು ದಿನ ನಮ್ಮ ಎಂಜಿನಿಯರ್ ಜೊತೆಗಿದ್ದರು. ಅಲ್ಲಿ ಎಂಜಿನಿಯರನ್ನು ಮುಹಂದಿಸ್ ಎನ್ನುತ್ತಾರೆ. ಅವರ ಎದುರು ನನ್ನ ವಿದ್ಯೆ ತೋರಿಸುವ ಹುಮ್ಮಸ್ಸಿನಲ್ಲಿ ಒಂದು ಫಿಲ್ಟರ್ ಎತ್ತಿ, ಈ ಮನೆಯಲ್ಲಿ ನಾಲ್ವರು ಎಂದು ಬಾಡಿಗೆ ಕಾಗದದಲ್ಲಿ ಬರೆದಿದ್ದಾರೆ, ನಿಜಕ್ಕೂ ಹನ್ನೊಂದು ಜನ ಇದ್ದಾರೆ ಎಂದೆ. ಅವರು ನಕ್ಕರು, ಬೆನ್ನು ತಟ್ಟಿದರು. ಮುಂದಿನ ವಾರ ಆ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ನೆಲದ ಮೇಲೆ ಒಂದು ಮಗುವಿನ ಚಪ್ಪಲಿ ಮಾತ್ರ ಬಿದ್ದಿತ್ತು. ಹೈದರಾಬಾದಿನ ಮೂರು ಕುಟುಂಬಗಳು ಅಲ್ಲಿ ಸೇರಿಕೊಂಡು ಇದ್ದವಂತೆ. ನನ್ನ ಮಾತು ಆಫೀಸಿಗೆ ತಲುಪಿ ಎಲ್ಲರನ್ನೂ ಹೊರಹಾಕಿದ್ದರು. ಹಮೀದಾಕ ನನಗೆ ಬೈಯಲಿಲ್ಲ. ಮೂರನೆಯ ದಿನ ಸ್ಪ್ಯಾನರ್ ಒರೆಸುತ್ತಾ ಹೇಳಿದರು.

"ಓದುದು ಕಲಿ ಸದಾನಂದ. ಓದಿದ್ದನ್ನು ಬಾಯಿಬಿಟ್ಟು ಹೇಳುದು ಬೇಡ. ನಮ್ಮ ಕೆಲಸ ಗಾಳಿದ್ದು ಮಾತ್ರ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಎಷ್ಟು ಗಟ್ಟಿಯಾಗಿ ಎಂದರೆ, ಅದೇ ಮುಂದೆ ಇನ್ನೊಂದು ದೊಡ್ಡ ತಪ್ಪಿಗೆ ಕಾರಣವಾಯಿತು.

ತೊಂಬತ್ತರ ದಶಕದ ಫಿಲ್ಟರುಗಳು ಈಗ ನೆನೆದರೆ ಹಬ್ಬದ ಹಾಗೆ ಕಾಣುತ್ತವೆ. ಆ ಹೈದರಾಬಾದಿನವರಂಥ ಕೆಲವರನ್ನು ಬಿಟ್ಟರೆ ಒಂದು ಫ್ಲ್ಯಾಟಿಗೆ ಒಂದೇ ಸಂಸಾರ. ಕಾರ್ಪೆಟ್ಟಿನ ಬಣ್ಣದ ಉಣ್ಣೆ, ಸೆಂಟಿನ ಪರಿಮಳ. ಶುಕ್ರವಾರ ಟೆರೇಸಿನಲ್ಲಿ ನಿಂತರೆ ಏಳು ಮಹಡಿಯ ಬಿರಿಯಾನಿಯೂ ಮೂಗಿಗೆ ಬರುತ್ತಿತ್ತು. ಎರಡು ಸಾವಿರ ದಾಟಿ ಕೆಲವು ವರ್ಷಕ್ಕೆ ಧೂಳಿನ ಬಣ್ಣ ತಿರುಗಿತು. ಮೊದಲು ಪ್ಲೈವುಡ್ಡಿನ ಪುಡಿ ಬರತೊಡಗಿತು. ಪಡಸಾಲೆಯನ್ನು ಎರಡು ಮಾಡಿ, ಕೋಣೆಯನ್ನು ಎರಡು ಮಾಡಿ, ಒಂದು ಮನೆಯಲ್ಲಿ ನಾಲ್ಕು ಸಂಸಾರ ಇರತೊಡಗಿದವು. ಆಮೇಲೆ ಹೆಂಗಸರ ಕೂದಲು ಕಡಿಮೆಯಾಗುತ್ತಾ ಬಂತು. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಗಂಡಸರು ಒಂದು ಮಂಚಕ್ಕೆ ಇಳಿದಿದ್ದರು. ಇನ್ನೂ ಕೆಲವು ವರ್ಷ ಕಳೆದಾಗ ಮಂಚವೂ ಪಾಳಿಯ ಮೇಲೆ, ಹಗಲು ಒಬ್ಬ ಮಲಗಿದರೆ ರಾತ್ರಿ ಇನ್ನೊಬ್ಬ. ತಿಂಗಳಿಗೊಮ್ಮೆ ತೊಳೆಯುತ್ತಿದ್ದ ಫಿಲ್ಟರ್ ಹತ್ತೇ ದಿನಕ್ಕೆ ಕಟ್ಟಿಕೊಳ್ಳುತ್ತಿತ್ತು. ಅದರಲ್ಲಿ ರಟ್ಟಿನ ನಾರು ಸಿಕ್ಕತೊಡಗಿದಾಗ ನನಗೆ ಮೊದಲು ಅರ್ಥವಾಗಲಿಲ್ಲ. ಹಾಸಿಗೆ ಇಲ್ಲದವರು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿಕೊಂಡು ಮಲಗುತ್ತಿದ್ದರು. ಟೆರೇಸಿಗೆ ಬರುವ ವಾಸನೆಯೂ ಬಡವಾಯಿತು. ಬಿರಿಯಾನಿ ಹೋಗಿ ಬೇಳೆ ಬಂತು, ಬೇಳೆಯೂ ಹೋಗಿ ಬರೀ ಖುಬ್ಬುಸ್ ರೊಟ್ಟಿ ಬಿಸಿಮಾಡುವ ವಾಸನೆ ಉಳಿಯಿತು.

ಆ ವರ್ಷಗಳಲ್ಲಿ ಒಂದು ಕಟ್ಟಡದ ಟೆರೇಸಿನಲ್ಲಿ, ಏಸಿ ಯಂತ್ರದ ಹಿಂದೆ, ಪೈಪಿಗೆ ನೇತುಹಾಕಿದ ಒಂದು ಬಿಳಿ ಶರ್ಟು ಮತ್ತು ನೀಲಿ ಟೈ ನೋಡಿದೆ. ಶರ್ಟಿಗೆ ಚೆನ್ನಾಗಿ ಇಸ್ತ್ರಿ ಹಾಕಿತ್ತು. ಪಕ್ಕದಲ್ಲಿ ಸುತ್ತಿಟ್ಟ ಚಾಪೆ, ಪಾಲಿಶ್ ಮಾಡಿದ ಬೂಟು. ನಾನು ಹೋದಾಗಲೆಲ್ಲ ಒಮ್ಮೆ ಶರ್ಟು ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ, ಮನುಷ್ಯನನ್ನು ಮಾತ್ರ ಒಂದು ಸಲವೂ ಕಾಣಲಿಲ್ಲ. ಕೆಲಸ ಕಳೆದುಕೊಂಡವನು ಯಾರೋ ಅಲ್ಲಿ ಮಲಗಿ, ಬೆಳಿಗ್ಗೆ ಟೈ ಕಟ್ಟಿಕೊಂಡು ಕೆಲಸ ಹುಡುಕಲು ಹೋಗುತ್ತಿದ್ದಿರಬೇಕು. ಅವನಿಗೆ ತೊಂದರೆಯಾಗದಂತೆ ಯಂತ್ರದ ಬಿಸಿಗಾಳಿಯನ್ನು ಒಂದು ತಗಡು ಕಟ್ಟಿ ಆಚೆ ತಿರುಗಿಸಿದೆ. ಒಂದು ಸಲ ಹೋದಾಗ ಶರ್ಟಿನ ಹ್ಯಾಂಗರ್ ಮಾತ್ರ ಗಾಳಿಗೆ ಪೈಪಿಗೆ ಬಡಿಯುತ್ತಿತ್ತು. ಬೂಟು ಅಲ್ಲೇ ಇತ್ತು. ಬೂಟು ಬಿಟ್ಟು ಎಲ್ಲಿಗೆ ಹೋದ ಎಂದು ಈಗಲೂ ಯೋಚಿಸುತ್ತೇನೆ.

ಈಗ ನಾನೂರ ಎರಡನೇ ನಂಬರಿನ ಫ್ಲ್ಯಾಟಿನ ವಿಷಯಕ್ಕೆ ಬರುತ್ತೇನೆ.

ಅದು ಏಳು ಮಹಡಿಯ ಹಳೆಯ ಕಟ್ಟಡ. ಅದನ್ನು ಕಟ್ಟಿದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಮನೆಯಲ್ಲಿ ಹೆಂಗಸರು ಮಾತ್ರ ಇರುವಾಗ ಮೆಕ್ಯಾನಿಕ್ಕುಗಳು ಒಳಗೆ ಹೋಗಬಾರದೆಂದು, ಪ್ರತಿ ಮಹಡಿಯ ಮೆಟ್ಟಿಲ ಪಕ್ಕ ಒಂದು ಸಣ್ಣ ತಗಡಿನ ಬಾಗಿಲಿಟ್ಟು ಅದರೊಳಗೆ ಪ್ರತಿ ಮನೆಯ ಫಿಲ್ಟರ್ ಪೆಟ್ಟಿಗೆ ಕೂರಿಸಿದ್ದರು. ಈ ಕಡೆ ನನ್ನ ಬಾಗಿಲು, ಆ ಕಡೆ ಮನೆಯ ಪಡಸಾಲೆಯೊಳಗೆ ನೆಲದ ಹತ್ತಿರ ಒಂದು ಜಾಲರಿ, ನಡುವೆ ಫಿಲ್ಟರ್. ತಣ್ಣನೆಯ ಗಾಳಿಯನ್ನು ಬಿಡುವ, ತಡೆಯುವ ಡ್ಯಾಂಪರಿನ ಹಿಡಿಯೂ ಅಲ್ಲೇ.

ನಾನೂರ ಎರಡರಲ್ಲಿ ಗ್ರೆಗರಿ ಎಂಬವರ ಸಂಸಾರ ಇತ್ತು. ಮಂಗಳೂರಿನ ಕ್ರಿಶ್ಚಿಯನ್ನರು. ನಮ್ಮ ಊರ ಕಡೆ ಮರ್ಯಾದೆಯಿಂದ ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳು ಎಂದೂ ಅವರ ಹೆಂಡತಿ ಹಿಲ್ಡಾರನ್ನು ಬಾಯಿ ಎಂದೂ ಕರೆಯುತ್ತಿದ್ದೆ. ಪೊರ್ಬುಗಳು ಒಂದು ಕಂಪನಿಯಲ್ಲಿ ಸಾಮಾನು ತರಿಸುವ ವಿಭಾಗದಲ್ಲಿದ್ದರು, ಕುತ್ತಿಗೆಯ ಗುಂಡಿ ಹಾಕದೆ ಹೊರಗೆ ಕಾಲಿಡದ ಮನುಷ್ಯ. ಬಾಯಿ ಮನೆಯಲ್ಲೇ ಚರ್ಚಿನಲ್ಲಿ ಮಕ್ಕಳು ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ದಿನಕ್ಕೆ ಬಿಳಿ ನೆಟ್ಟಿನ ಫ್ರಾಕು ಹೊಲಿದುಕೊಡುತ್ತಿದ್ದರು. ಮಗಳು ರೀನಾ, ಏಳೆಂಟು ವರ್ಷ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಹೇಳುವವಳು. ನಾನು ಆ ಮಹಡಿಗೆ ಬಂದದ್ದು ತಿಳಿದರೆ ಬಾಯಿ ಒಂದು ಲೋಟ ಕಾಫಿ ಕೊಡದೆ ಬಿಡುತ್ತಿರಲಿಲ್ಲ. ಅವರ ಫಿಲ್ಟರ್ ಕಣ್ಣುಮುಚ್ಚಿ ಗುರುತಿಸಬಹುದಿತ್ತು: ನೆಟ್ಟಿನ ಬಿಳಿ ನಾರು, ತೆಂಗಿನೆಣ್ಣೆ ಹಚ್ಚಿದ ಉದ್ದ ಕೂದಲು, ಮಗುವಿನ ಪೌಡರ್.

ಷೇರು ಪೇಟೆ ಬಿದ್ದ ವರ್ಷ ಪೊರ್ಬುಗಳ ಕಂಪನಿ ಮುಚ್ಚುತ್ತದೆ ಎಂದಾಯಿತು. ಊರಿಗೆ ಹೊರಟು ನಿಂತರು. ನಮ್ಮವರ ಪದ್ಧತಿಯಂತೆ ದೊಡ್ಡ ವಿದಾಯದ ಪಾರ್ಟಿ ಆಯಿತು. ಅರುವತ್ತು ಜನಕ್ಕೆ ಊಟ, ಭಾಷಣ, ಶಾಲು, ಫೋಟೊ. ಸೋಫಾ, ಮಂಚ, ಫ್ರಿಜ್ಜು, ಪಾತ್ರೆ ಎಲ್ಲವನ್ನೂ ಬೇಕಾದವರಿಗೆ ಹಂಚಿದರು. ಹೊಲಿಗೆ ಯಂತ್ರವನ್ನೂ ಯಾರಿಗೋ ಕೊಟ್ಟರು. ನನ್ನ ಪಾಲಿಗೆ ಒಂದು ಅಗಲವಾದ ಸ್ಟೀಲಿನ ಬಟ್ಟಲು ಬಂತು, ಅಂಚಿನಲ್ಲಿ ಹಿಲ್ಡಾ ಎಂದು ಕೆತ್ತಿಸಿದ್ದು. ಹೊರಡುವ ದಿನ ಅವರ ಸೂಟ್‌ಕೇಸುಗಳನ್ನು ಟ್ಯಾಕ್ಸಿಗೆ ಎತ್ತಿಟ್ಟವನು ನಾನೇ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ರೀನಾ ಹಿಂದಿನ ಗಾಜಿನಿಂದ ಕೈ ಬೀಸುತ್ತಲೇ ಇದ್ದಳು.

ಆಮೇಲೆ ಅವರಿಂದ ಸುದ್ದಿಯಿಲ್ಲ. ಎರಡು ಮೂರು ತಿಂಗಳಾದ ಮೇಲೆ ಚರ್ಚಿಗೆ ಹೋಗುವ ನಮ್ಮ ಕಡೆಯವರೊಬ್ಬರು ಒಂದು ವಿಷಯ ಹೇಳಿದರು. ಬಾಯಿಯ ತಂಗಿ ಊರಿನಿಂದ ಫೋನು ಮಾಡಿ ಅಕ್ಕ ಯಾವಾಗ ಬರುತ್ತಾಳೆ ಎಂದು ಕೇಳಿದಳಂತೆ. ಅವರು ಊರು ತಲುಪಿಯೇ ಇರಲಿಲ್ಲ. ಒಬ್ಬರು ದುಬೈಗೆ ಹೋಗಿರಬೇಕು ಎಂದರು, ಇನ್ನೊಬ್ಬರು ರಸ್ತೆಯಲ್ಲಿ ಏನೋ ಆಗಿರಬೇಕು ಎಂದರು. ಸ್ವಲ್ಪ ದಿನ ಮಾತಾಡಿದರು, ಆಮೇಲೆ ಅವರವರ ಕಷ್ಟ ಅವರವರಿಗೆ ಬಂತು. ಅಷ್ಟರಲ್ಲಿ ಕಟ್ಟಡದ ಮಾಲೀಕ ತೀರಿಕೊಂಡು ಮಕ್ಕಳ ನಡುವೆ ವ್ಯಾಜ್ಯ ಎದ್ದಿತ್ತು. ಖಾಲಿಯಾದ ಫ್ಲ್ಯಾಟುಗಳನ್ನು ಯಾರಿಗೂ ಕೊಡದೆ ಬೀಗ ಜಡಿದಿಟ್ಟಿದ್ದರು. ನಾನೂರ ಎರಡಕ್ಕೂ ಹೊರಗಿನಿಂದ ಬೀಗವಿತ್ತು, ಕರೆಂಟೂ ಕಡಿದಿತ್ತು.

ಅವರು ಹೋಗಿ ಒಂದು ವರ್ಷ ಆಗುತ್ತಾ ಬಂದಿತ್ತು. ಖಾಲಿ ಮನೆಗಳ ಫಿಲ್ಟರ್ ತೆಗೆಯುವ ಪದ್ಧತಿ ಇಲ್ಲ. ನಾನೂರ ಒಂದರದ್ದೆಂದು ತಿಳಿದು ತಪ್ಪಿ ನಾನೂರ ಎರಡರ ಫಿಲ್ಟರ್ ಎಳೆದೆ. ವರ್ಷದಿಂದ ಮುಚ್ಚಿದ ಮನೆಯ ಫಿಲ್ಟರಿನಲ್ಲಿ ಮರಳಿನ ತೆಳು ಪದರ ಬಿಟ್ಟು ಏನೂ ಇರಬಾರದು. ನನ್ನ ಕೈಯಲ್ಲಿದ್ದದ್ದು ಬೆಳ್ಳಗಿತ್ತು. ನೆಟ್ಟಿನ ಬಿಳಿ ನಾರು ದಪ್ಪಕ್ಕೆ ಕೂತಿತ್ತು, ಅದರೊಳಗೆ ಉದ್ದ ಕೂದಲು. ಮೂಗಿನ ಹತ್ತಿರ ತಂದೆ. ತೆಂಗಿನೆಣ್ಣೆ.

ಫಿಲ್ಟರ್ ಕೈಜಾರಿ ಕೆಳಗೆ ಬಿತ್ತು. ಆ ಸದ್ದಿಗೆ ಒಳಗೆ ಏನಾದರೂ ಅಲುಗಿದರೆ ಎಂದು ಕಿವಿಗೊಟ್ಟು ನಿಂತೆ. ಏನೂ ಅಲುಗಲಿಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಯಾವ ಖಾಲಿ ಮನೆಯಲ್ಲೂ ಕೇಳಿರಲಿಲ್ಲ. ಖಾಲಿ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತದೆ, ಕಿಟಕಿ ಕಿರುಗುಟ್ಟುತ್ತದೆ. ಇಲ್ಲಿ ಯಾರೋ ಎಲ್ಲವನ್ನೂ ಸುಮ್ಮನಿರಿಸಿದ ಹಾಗಿತ್ತು.

ಕೆಳಗೆ ಹೋಗಿ ಕಟ್ಟಡದ ಕಾವಲುಗಾರ ಅಬು ಸಯೀದನನ್ನು ಕೇಳಿದೆ. ಈಜಿಪ್ಟಿನ ಹಳ್ಳಿಯವನು, ವಯಸ್ಸಾದವನು. ನಾನೂರ ಎರಡು ಎಂದ ಕೂಡಲೇ ಅವನ ಮುಖ ಬಿಳುಚಿತು. ನನ್ನ ತೋಳು ಹಿಡಿದು ಕೋಣೆಯೊಳಗೆ ಎಳೆದುಕೊಂಡು ಹೋಗಿ, ಅಲ್ಲಿ ಜಿನ್ನುಗಳು ಇವೆ, ಆ ಬಾಗಿಲ ಹತ್ತಿರ ಸುಳಿಯಬೇಡ, ಆಫೀಸಿನಲ್ಲಿ ಹೇಳಲೂ ಬೇಡ ಎಂದ. ಮಹಡಿಯ ಇತರರೂ ಅದನ್ನೇ ಹೇಳಿದರು. ಒಬ್ಬಾಕೆ ಗೋಡೆಯ ಆಚೆ ಯಾರೋ ಬರಿಗಾಲಲ್ಲಿ ನಡೆಯುವುದನ್ನು ಕೇಳಿದ್ದಳಂತೆ.

ಹುಡುಗರೇ, ನೀವು ನಗಬಹುದು. ನಾನು ತುಳುನಾಡಿನವನು. ಸತ್ತವರು ಕುಲೆಗಳಾಗಿ ಮನೆಯ ಸುತ್ತ ಇರುತ್ತಾರೆ ಎಂದು ಎದೆಹಾಲಿನ ಜೊತೆಯಲ್ಲೇ ಕುಡಿದವನು. ಆ ಮೂವರು ದಾರಿಯಲ್ಲಿ ಎಲ್ಲೋ ತೀರಿಕೊಂಡಿದ್ದಾರೆ, ತಾವು ಇದ್ದ ಮನೆಗೆ ವಾಪಸು ಬಂದಿದ್ದಾರೆ ಎಂದು ನನ್ನ ಮನಸ್ಸು ಕ್ಷಣದಲ್ಲಿ ತೀರ್ಮಾನ ಮಾಡಿತು. ಇನ್ನೊಂದು ವಿವರಣೆ ಕಣ್ಣೆದುರೇ ಇತ್ತು. ಸಾವಿರ ಫಿಲ್ಟರುಗಳಲ್ಲಿ ಬಡತನವನ್ನು ಓದಿದವನು ನಾನು. ಆದರೆ ಗ್ರೆಗರಿ ಪೊರ್ಬುಗಳಂಥವರು ಬಡವರಾಗಿದ್ದಾರೆ ಎಂದು ನಂಬುವುದಕ್ಕಿಂತ, ಸತ್ತು ಕುಲೆಗಳಾಗಿದ್ದಾರೆ ಎಂದು ನಂಬುವುದು ನನಗೆ ಸುಲಭವಾಯಿತು. ಹಮೀದಾಕ ಆಗಲೇ ಊರಿಗೆ ಹೋಗಿಬಿಟ್ಟಿದ್ದರು. ಅವರ ಮಾತಿನಂತೆ ಬಾಯಿ ಮುಚ್ಚಿಕೊಂಡೆ.

ಆ ಬೇಸಿಗೆ ನಮಗೆ ಹೊಸ ಮುಹಂದಿಸ್ ಬಂದ. ಚಿಕ್ಕ ವಯಸ್ಸು, ಕೈಯಲ್ಲಿ ಯಾವಾಗಲೂ ಲ್ಯಾಪ್‌ಟಾಪ್. ಟೆರೇಸಿಗೆ ಒಮ್ಮೆ ಹತ್ತಿದವನು ಬೆವರು ಒರೆಸುತ್ತಾ ಇಳಿದವನೇ ಮತ್ತೆ ಹತ್ತಲಿಲ್ಲ. ಜುಲೈ ತಿಂಗಳು, ಕಬ್ಬಿಣ ಮುಟ್ಟಿದರೆ ಚರ್ಮ ಏಳುವ ಬಿಸಿಲು. ಹಳೆಯ ಯಂತ್ರಕ್ಕೆ ಇಡೀ ಕಟ್ಟಡವನ್ನು ತಣ್ಣಗಿಡಲು ಆಗುತ್ತಿರಲಿಲ್ಲ, ಮೇಲಿನ ಮಹಡಿಯವರ ದೂರು ತಪ್ಪುತ್ತಿರಲಿಲ್ಲ. ಅವನು ಪರದೆಯ ಮೇಲೆ ಖಾಲಿ ಫ್ಲ್ಯಾಟುಗಳನ್ನು ಕೆಂಪು ಮಾಡಿ ತೋರಿಸಿ, ಅವಕ್ಕೆಲ್ಲ ಗಾಳಿ ನಿಲ್ಲಿಸು ಎಂದ. ನಾನೂರ ಎರಡೂ ಕೆಂಪಾಗಿತ್ತು. ಅದೊಂದನ್ನು ಬಿಡೋಣ ಎಂದು ನಾನು ಬಾಯಿ ತೆರೆದೆ. ಯಾಕೆ ಎಂದು ಕೇಳಿದ. ಏನೆಂದು ಹೇಳಲಿ, ಅಲ್ಲಿ ಸತ್ತವರಿದ್ದಾರೆ ಎಂದೇ?

"ಖಾಲಿ ಅಂದರೆ ಖಾಲಿ. ಬಂದ್ ಕರೋ. ಖಲಾಸ್," ಎಂದ ಅವನು.

ಡ್ಯಾಂಪರಿನ ಹಿಡಿ ತಿರುಗಿಸಿ, ಮತ್ತೆ ಸಡಿಲವಾಗದಂತೆ ತಂತಿ ಸುತ್ತಿದೆ. ಕೆಲಸ ಅಚ್ಚುಕಟ್ಟಾಗಿ ಮಾಡುವುದು ನನ್ನ ಅಭ್ಯಾಸ. ಮೇಲಿನ ಮಹಡಿಗಳು ತಣ್ಣಗಾದವು, ದೂರು ನಿಂತಿತು. ಮುಹಂದಿಸ್ ಫೋನು ಮಾಡಿ ಭೇಷ್ ಎಂದ.

ಮೂರನೆಯ ದಿನ ಆ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ತಗಡಿನೊಳಗೆ ಟಿಕ್ ಟಿಕ್ ಎಂದು ಕೇಳಿತು. ಬಿಸಿಲಿಗೆ ತಗಡು ಹಿಗ್ಗುವಾಗ ಸದ್ದು ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎಂದು ಕಲಿತಿದ್ದೆ. ಆರನೆಯ ದಿನ ಅದು ಮೂರು ಮೂರು ಸಲ ಬಡಿಯಿತು. ಮೂರು ಬಡಿತ, ಸ್ವಲ್ಪ ಬಿಡುವು, ಮತ್ತೆ ಮೂರು. ಬಿಸಿಲಿಗೆ ಹಿಗ್ಗುವ ತಗಡು ಎಣಿಸಿ ಬಡಿಯುವುದಿಲ್ಲ. ಸಾಮಾನನ್ನು ಅಲ್ಲೇ ಬಿಟ್ಟು ನಾಲ್ಕು ಮಹಡಿ ಓಡಿ ಇಳಿದೆ. ಬಡಿಯುತ್ತಿದ್ದವರ ಕಡೆಗೆ ಹೋಗುವ ಬದಲು ಓಡಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಊರಿಗೆ ಫೋನು ಮಾಡಿ ಹೆಂಡತಿಗೆ ಎಲ್ಲ ಹೇಳಿದೆ. ಆಗ ತುಳುನಾಡಿನ ಮಳೆಗಾಲದ ಆಟಿ ತಿಂಗಳು ಶುರುವಾಗಿತ್ತು. ಆಟಿಯಲ್ಲಿ ನಮ್ಮಲ್ಲಿ ಮನೆಯ ಸತ್ತವರಿಗೆ ಬಡಿಸುತ್ತೇವೆ. ಎಲೆಯಲ್ಲಿ ಅನ್ನ, ಕೋಳಿ ಸಾರು, ಅವರಿಗೆ ಇಷ್ಟವಾದದ್ದು ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಹಾಕಿ ಹೊರಗೆ ನಿಲ್ಲುತ್ತೇವೆ.

"ಅವರು ಎಂತಕ್ಕೆ ಬಡೀತಾರೆ, ಹಸಿವಾಗಿಯೇ ಅಲ್ವಾ," ಎಂದಳು. "ನೀವು ಅವರ ಕಾಫಿ ಕುಡಿದವರು. ಒಂದು ಎಲೆ ಬಡಿಸಿ. ಹಸಿದವರಿಗೆ ಜಾತಿ ಉಂಟಾ?"

ಬಡಿಸಲು ಆ ಶುಕ್ರವಾರವನ್ನೇ ಆರಿಸಿದೆ. ಮಧ್ಯಾಹ್ನ ಅಬು ಸಯೀದ್ ಮಸೀದಿಗೆ ಹೋಗಿರುತ್ತಾನೆ, ಕಟ್ಟಡದಲ್ಲಿ ಹುಳುವೂ ಹರಿದಾಡುವುದಿಲ್ಲ. ಮಲಯಾಳಿ ಅಂಗಡಿಯಿಂದ ಬಾಳೆಲೆ ತಂದೆ. ರೂಮಿನಲ್ಲಿ ನಾನೇ ಕೋಳಿ ಸಾರು ಮಾಡಿದೆ, ಅನ್ನ ಮಾಡಿದೆ, ಎರಡು ಮೀನು ಹುರಿದೆ. ಕೊಂಡುಹೋಗಲು ಅಗಲವಾದದ್ದು ಬೇರೆ ಇರಲಿಲ್ಲ, ಹಿಲ್ಡಾ ಬಾಯಿ ಕೊಟ್ಟ ಬಟ್ಟಲಿನಲ್ಲೇ ಎಲೆ ಹಾಸಿ ಬಡಿಸಿದೆ. ಫಿಲ್ಟರ್ ಹೊರಗೆಳೆದು, ಆ ಪೆಟ್ಟಿಗೆಯೊಳಗೆ ಬಟ್ಟಲನ್ನು, ಒಂದು ಬಾಟಲಿ ನೀರನ್ನು ತಳ್ಳಿದೆ. ಒಳಗಿನಿಂದ ಬಂದ ಗಾಳಿ ಒಲೆಯ ಬಾಯಿಯ ಹಾಗೆ ಕಾದಿತ್ತು. ಕೈಮುಗಿದು ಒಬ್ಬೊಬ್ಬರನ್ನೇ ಕರೆದೆ.

"ಗ್ರೆಗರಿ ಪೊರ್ಬುಗಳೇ, ಬನ್ನಿ. ಹಿಲ್ಡಾ ಬಾಯೇ, ಬನ್ನಿ. ರೀನಾ ಮಗೂ, ನೀನೂ ಬಾ. ಇದ್ದದ್ದು ಬಡಿಸಿದ್ದೇನೆ. ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಂಡು ಊಟ ಮಾಡಿ."

ತಗಡಿನ ಬಾಗಿಲು ಹಾಕಿ ಒಂದು ಮಹಡಿ ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮಸೀದಿಯ ಧ್ವನಿವರ್ಧಕದಲ್ಲಿ ಪ್ರವಚನ ಕೇಳುತ್ತಿತ್ತು. ಅದರ ನಡುವೆ ಮೇಲೆ ಒಂದು ಜಾಲರಿ ಕಿರುಗುಟ್ಟಿದಂತಾಯಿತು. ಪ್ರವಚನ ಮುಗಿದು, ನಮಾಜು ಮುಗಿಯುವವರೆಗೂ ನಾನು ಕೂತ ಜಾಗದಿಂದ ಏಳಲಿಲ್ಲ.

ಮತ್ತೆ ಹೋಗಿ ಬಾಗಿಲು ತೆರೆದೆ. ಬಟ್ಟಲು ಅಲ್ಲೇ ಇತ್ತು, ಆದರೆ ಕವುಚಿ ಹಾಕಿತ್ತು. ಎತ್ತಿದೆ. ಅನ್ನದ ಒಂದು ಅಗುಳೂ ಇಲ್ಲ, ಎಲೆಯೂ ಇಲ್ಲ. ಬಟ್ಟಲು ಒದ್ದೆಯಾಗಿತ್ತು. ಅಂಚಿನಿಂದ ಒಂದು ನೀರಿನ ಹನಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಸೋಪಿನ ವಾಸನೆ ಬರುತ್ತಿತ್ತು.

ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಸತ್ತವರಿಗೆ ಬಡಿಸಿದ್ದೇವೆ. ಯಾವ ಕುಲೆಯೂ ಪಾತ್ರೆ ತೊಳೆದು ಕವುಚಿ ಹಾಕಿದ್ದಿಲ್ಲ. ಉಂಡ ಪಾತ್ರೆಯನ್ನು ತೊಳೆಯದೆ ವಾಪಸು ಕೊಡಬಾರದು ಎಂಬ ಮರ್ಯಾದೆ ಇರುವುದು ಬದುಕಿರುವವರಿಗೆ. ನನಗೆ ಅದು ಹೊಳೆದ ಕ್ಷಣ, ನಾನು ಒಂಬತ್ತು ದಿನದಿಂದ ಏನು ಮಾಡಿದ್ದೇನೆ ಎಂಬುದೂ ಹೊಳೆಯಿತು. ಇಕ್ಕಳ ಹುಡುಕುವಷ್ಟು ತಾಳ್ಮೆ ಇರಲಿಲ್ಲ. ನಾನೇ ಬಿಗಿಯಾಗಿ ಸುತ್ತಿದ ತಂತಿಯನ್ನು ಬೆರಳಿನಿಂದಲೇ ಕಿತ್ತೆ, ಉಗುರು ಕಿತ್ತು ರಕ್ತ ಬಂತು. ಹಿಡಿ ತಿರುಗಿಸಿದಾಗ ತಣ್ಣನೆಯ ಗಾಳಿ ಆ ಮನೆಯೊಳಗೆ ನುಗ್ಗುವ ಸದ್ದು ಕೇಳಿತು. ಅದರ ಹಿಂದೆಯೇ ಜಾಲರಿಯ ಆಚೆ ಒಂದು ಮಗು ಕೆಮ್ಮಿತು, ಯಾರೋ ಅದರ ಬಾಯಿ ಮುಚ್ಚಿದರು.

"ಬಾಯೇ, ನಾನು ಸದಾನಂದ," ಎಂದೆ.

ಜಾಲರಿಯ ಆಚೆಯಿಂದ ತೀರಾ ಸಣ್ಣ ದನಿಯಲ್ಲಿ ಉತ್ತರ ಬಂತು.

"ಗೊತ್ತಾಯ್ತು ಸದಾನಂದಣ್ಣ. ಬಟ್ಟಲಲ್ಲಿ ನನ್ನ ಹೆಸರು ಉಂಟು. ಯಾರಿಗೂ ಹೇಳ್ಬೇಡಿ. ನಾವು ಊರಿಗೆ ಹೋಗಿದ್ದೇವೆ ಅಂತಲೇ ಇರ್ಲಿ."

ಉಳಿದದ್ದನ್ನು ಅಬು ಸಯೀದ್ ಹೇಳಿದ, ಅಳುತ್ತಾ ಹೇಳಿದ. ವಿಮಾನದ ದಿನ ಪಾಸ್‌ಪೋರ್ಟುಗಳನ್ನು ನಿಲ್ದಾಣಕ್ಕೆ ತಂದುಕೊಡುತ್ತೇನೆ ಎಂದಿದ್ದ ಕಂಪನಿಯವನು ಬರಲೇ ಇಲ್ಲ. ಕಂಪನಿಗೆ ಬೀಗ ಬಿದ್ದು, ಕಫೀಲ್ ಎನಿಸಿಕೊಂಡ ಅರಬ ಒಡೆಯ ದೇಶ ಬಿಟ್ಟಿದ್ದ. ಪಾಸ್‌ಪೋರ್ಟುಗಳು ಆ ಬೀಗದ ಒಳಗೇ ಉಳಿದವು. ಸ್ವಲ್ಪ ದಿನದಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿಯೂ ಮುಗಿಯಿತು. ಬೀದಿಯಲ್ಲಿ ಕಂಡರೆ ಪೊಲೀಸರು ಹಿಡಿಯುತ್ತಾರೆ. ಹೋಗಿ ಯಾರ ಬಾಗಿಲನ್ನಾದರೂ ತಟ್ಟಬಹುದಿತ್ತು, ಅರುವತ್ತು ಜನ ಪಾರ್ಟಿಯಲ್ಲಿ ಉಂಡವರಿದ್ದರು. ಆದರೆ ಶಾಲು ಹೊದ್ದು, ಭಾಷಣ ಕೇಳಿ, ಮನೆಯ ಸಾಮಾನು ಹಂಚಿ ಹೊರಟವರು ಮರುದಿನ ಅದೇ ಜನರ ಎದುರು ಹೇಗೆ ನಿಲ್ಲುವುದು? ಮುದುಕ ಕನಿಕರಪಟ್ಟು ಹಳೆಯ ಮನೆಯ ಬೀಗ ತೆಗೆದುಕೊಟ್ಟ, ಹೊರಗಿನಿಂದ ಮತ್ತೆ ಹಾಕಿದ. ಬಾಯಿ ಕಿಟಕಿಯ ಬೆಳಕಿನಲ್ಲಿ ಕೈಯಲ್ಲೇ ಫ್ರಾಕು ಹೊಲಿಯುತ್ತಿದ್ದರು, ಅವನು ಅದನ್ನು ದರ್ಜಿ ಅಂಗಡಿಗೆ ಕೊಟ್ಟು ರೊಟ್ಟಿ ತರುತ್ತಿದ್ದ. ಯಾರೂ ಹತ್ತಿರ ಬರದಿರಲೆಂದು ಜಿನ್ನಿನ ಕಥೆ ಕಟ್ಟಿದವನೂ ಅವನೇ. ಗಾಳಿ ನಿಂತದ್ದು ಅವನಿಗೆ ತಿಳಿದಿತ್ತು. ನನಗೆ ಹೇಳಿದರೆ ನಾನು ಆಫೀಸಿಗೆ ಹೇಳುತ್ತೇನೆ ಎಂದು ಹೆದರಿದ್ದ. ನಾನು ಕುಲೆಗಳಿಗೆ ಹೆದರಿದ್ದೆ. ನಮ್ಮಿಬ್ಬರ ಹೆದರಿಕೆಯ ನಡುವೆ ಅವರು ಮೂವರು ಒಂಬತ್ತು ದಿನ ಒದ್ದೆ ಬಟ್ಟೆ ಹೊದ್ದು ಸ್ನಾನದ ಕೋಣೆಯ ನೆಲದ ಮೇಲೆ ಮಲಗಿದ್ದರು. ಪೊರ್ಬುಗಳಿಗೆ ಏಳಲು ಆಗುತ್ತಿರಲಿಲ್ಲ. ತಗಡು ಬಡಿಯುತ್ತಿದ್ದವಳು ರೀನಾ.

ಅಂದಿನಿಂದ ಮುಹಂದಿಸನ ಪರದೆಯಲ್ಲಿ ನಾನೂರ ಎರಡು ಕೆಂಪಾಗಿಯೇ ಇತ್ತು, ಡ್ಯಾಂಪರ್ ಮಾತ್ರ ತೆರೆದಿತ್ತು. ದಿನವೂ ಪೆಟ್ಟಿಗೆಯೊಳಗೆ ಏನಾದರೂ ಇಡುತ್ತಿದ್ದೆ, ಎಲೆ ಹಾಸದೆ, ಹೆಸರು ಕರೆಯದೆ. ಮರುದಿನ ತೊಳೆದ ಪಾತ್ರೆ ಕವುಚಿ ಹಾಕಿರುತ್ತಿತ್ತು. ಏಳು ತಿಂಗಳು ಹೀಗೆ ನಡೆಯಿತು. ಆಮೇಲೆ ಸರ್ಕಾರ ಪರವಾನಗಿ ಮುಗಿದವರಿಗೆಲ್ಲ ಕ್ಷಮಾದಾನ ಕೊಟ್ಟು ದೇಶ ಬಿಡಲು ಅವಕಾಶ ಮಾಡಿತು. ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟಿನ ಬದಲು ಒಂದು ಕಾಗದ ಸಿಕ್ಕಿತು. ಗೆಳೆಯನೊಬ್ಬನ ಕಾರು ತಂದು ನಾನೇ ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೊರಟೆ. ಈ ಸಲ ಕೈಬೀಸಲು ಯಾರೂ ಇರಲಿಲ್ಲ. ಪೊರ್ಬುಗಳ ಶರ್ಟಿನ ಕುತ್ತಿಗೆಯ ಗುಂಡಿ ಹಾಕಿತ್ತು, ಆ ಶರ್ಟಿನೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು. ರೀನಾ ಕಾರಿನಲ್ಲೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ಜೋರಾಗಿ ಮಾತಾಡಬಹುದು ಮಗೂ ಎಂದು ನಾನು ಹೇಳಿದ್ದಕ್ಕೆ ತಲೆಯಾಡಿಸಿ, ಅದೇ ಪಿಸುದನಿಯಲ್ಲಿ, "ಓಕೆ ಅಂಕಲ್," ಎಂದಳು.

ಊರು ತಲುಪಿದ ಆರು ತಿಂಗಳಿಗೆ ಪೊರ್ಬುಗಳು ತೀರಿಕೊಂಡರೆಂದು ಆಮೇಲೆ ತಿಳಿಯಿತು. ಅದಕ್ಕೂ ಆ ಒಂಬತ್ತು ದಿನಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ನಿಮ್ಮ ಕೈಯಲ್ಲಿ ಈಗ ನಮಗಿಂತ ಒಳ್ಳೆಯ ಯಂತ್ರಗಳಿವೆ. ಯಾವ ಮನೆ ಖಾಲಿ ಎಂದು ಫೋನೇ ಹೇಳುತ್ತದೆ. ಹೇಳಲಿ. ಗಾಳಿ ನಿಲ್ಲಿಸುವ ಮೊದಲು ಒಮ್ಮೆ ಫಿಲ್ಟರ್ ಎಳೆದು ನೋಡಿ, ನೋಡಿ ಸುಮ್ಮನಾಗಬೇಡಿ, ಜಾಲರಿಗೆ ಬಾಯಿ ಹಚ್ಚಿ ಯಾರಿದ್ದೀರಿ ಎಂದು ಕೇಳಿ. ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ಅವರು ಊರಿಗೆ ಹೊರಟ ಆ ದಿನ, ಕಾರು ನಿಲ್ದಾಣದ ಹತ್ತಿರ ಬಂದಾಗ ಬಾಯಿ ಹಿಂದಿನ ಸೀಟಿನಿಂದ ಕೇಳಿದರು.

"ಅವತ್ತು ನೀವು ಬಡಿಸಿದ್ದು ಸತ್ತವರಿಗಲ್ವಾ?"

ಸುಳ್ಳು ಹೇಳಲು ಆಗಲಿಲ್ಲ. ಹೌದು ಬಾಯೇ, ತಪ್ಪಾಯಿತು ಎಂದೆ.

"ನಮ್ಮ ನೆರೆಮನೆಯವರು ಆಟಿಯಲ್ಲಿ ಬಡಿಸುದನ್ನು ಸಣ್ಣದಿರುವಾಗ ನೋಡಿದ್ದೇನೆ. ಎಲೆ ಕಂಡ ಕೂಡಲೇ ಗೊತ್ತಾಯ್ತು. ಇವರು ಬೇಡ ಅಂದ್ರು, ಸತ್ತವರ ಊಟ ಮುಟ್ಟುದು ಬೇಡ ಅಂತ. ನಮಗೆ ಹಸಿವು ಅಭ್ಯಾಸ ಆಗಿತ್ತು ಸದಾನಂದಣ್ಣ, ಹಸಿವಿಗೆ ಅಂತ ಉಂಡದ್ದಲ್ಲ. ಒಂದು ವರ್ಷದಿಂದ ಯಾರೂ ನಮ್ಮನ್ನು ಹೆಸರು ಹಿಡಿದು ಕರೆದಿರ್ಲಿಲ್ಲ. ನೀವು ಮೂವರನ್ನೂ ಕರೆದಿರಿ. ಕರೆದ ಮೇಲೆ ಬರದೆ ಇರುದು ಹೇಗೆ?"